ನಿಲ್ಲಿಸಿದ ಮುಖ, ನಿಲ್ಲದ ಗಳಿಗೆ



ಇಂಥ ದತ್ತಿ ಉಪನ್ಯಾಸಗಳಲ್ಲಿ ಚಂಗಾಳ್ವ ಅರಸರ ಇತಿಹಾಸವನ್ನೋ, ಕಲ್ಲಹಳ್ಳಿಯ ಮೂರನೆಯ ಮಂಗರಸನ ಕಾವ್ಯಗಳನ್ನೋ, ವಚನಕಾರರ ಧರ್ಮದೃಷ್ಟಿಯನ್ನೋ ಕುರಿತು ಮಾತನಾಡುವುದು ರೂಢಿಯಾಗಿರುವಾಗ, ಹುಟ್ಟಿ ಸುಮಾರು ಇನ್ನೂರು ವರ್ಷವಷ್ಟೇ ಆದ ಛಾಯಾಗ್ರಹಣವೆಂಬ ಕಲೆಯನ್ನು ವಿಷಯವನ್ನಾಗಿ ಆರಿಸಿಕೊಳ್ಳಲು ನನಗೆ ಅನುಮತಿಯಿತ್ತ ಸಂಚಾಲಕರ ಔದಾರ್ಯವನ್ನು ಮೊದಲಿಗೆ ಸ್ಮರಿಸುತ್ತೇನೆ. ಬೆಟ್ಟದಪುರದಲ್ಲಿ, ಸಿಡಿಲು ಮಲ್ಲಿಕಾರ್ಜುನನ ಬೆಟ್ಟದ ಬುಡದಲ್ಲಿ ನಿಂತು ಕ್ಷಣಮಾತ್ರದ ಬೆಳಕಿನ ವಿಷಯ ಹೇಳಹೊರಟವನಿಗೆ ಉಪಮೆಯನ್ನು ಹುಡುಕುವ ಶ್ರಮವೇ ಇಲ್ಲ. ಅಷ್ಟು ಸುಲಭವಾಗಿ ಕೈಗೆ ಬರುವುದರಿಂದಲೇ ಆ ಉಪಮೆಯನ್ನು ಬಳಸಕೂಡದೆಂದು ನಿಶ್ಚಯಿಸಿಕೊಂಡು ಬಂದಿದ್ದೇನೆ.

ಮಾತಿನ ವ್ಯಾಪ್ತಿಯನ್ನು ಆರಂಭದಲ್ಲಿಯೇ ಹೇಳಿಬಿಡುವುದು ಮೇಲು. ಕ್ಯಾಮರಾಗಳ ಬೆಲೆ, ಲೆನ್ಸುಗಳ ತಾರತಮ್ಯ, ಒಳ್ಳೆಯ ಚಿತ್ರ ತೆಗೆಯುವುದಕ್ಕೆ ಬೇಕಾದ ಸೂತ್ರಗಳು, ಇವನ್ನು ಇಲ್ಲಿರುವ ಹುಡುಗರು ನನಗಿಂತ ಚೆನ್ನಾಗಿ ಬಲ್ಲರು. ಮನುಷ್ಯನ ಬಾಳಿನಲ್ಲಿ ಮುಖ್ಯವೆನಿಸುವ ಗಳಿಗೆಗಳನ್ನೂ ಆ ಗಳಿಗೆಗಳಲ್ಲಿ ನಿಜವಾಗಿ ಹುಟ್ಟಿದ ಭಾವವನ್ನೂ ಛಾಯಾಚಿತ್ರವು ಹಿಡಿದಿಡಬಲ್ಲುದೆ, ಬಲ್ಲುದಾದರೆ ಯಾವ ಬಗೆಯಿಂದ, ಎಂಬುದಷ್ಟೇ ಇಂದಿನ ಪ್ರಶ್ನೆ. ಇದಕ್ಕೆ ಈಚೆಗೆ ಎಲ್ಲರ ಬಾಯಲ್ಲಿಯೂ ಒಂದು ಸಿದ್ಧವಾದ ಉತ್ತರವಿದೆ: ತನಗೆ ತಿಳಿಯದೆ ಸೆರೆಸಿಕ್ಕಿದ ಮುಖವೇ ನಿಜವಾದ ಮುಖ, ಕ್ಯಾಮರಾದ ಎದುರಿಗೆ ಸಜ್ಜಾಗಿ ನಿಂತುಕೊಂಡ ಮುಖವೆಲ್ಲ ನಟನೆ, ಎಂದು. ಈ ಉತ್ತರದಲ್ಲಿ ಅರ್ಧದಷ್ಟು ಮಾತ್ರ ಸತ್ಯವಿದೆಯೆಂಬುದು ನನ್ನ ಅಭಿಪ್ರಾಯ. ಅದನ್ನು ಸಮರ್ಥಿಸಲು ಮೊದಲು ನಮ್ಮ ತಾಲ್ಲೂಕು ಪಟ್ಟಣಗಳ ಹಳೆಯ ಸ್ಟುಡಿಯೋಗಳಿಗೆ ಹೋಗಿ, ಅಲ್ಲಿಂದ ಮೈಸೂರಿನವರೇ ಆದ ಛಾಯಾಗ್ರಾಹಕ ಟಿ. ಎಸ್. ಸತ್ಯನ್ ಅವರ ಕಡೆಗೆ ಬಂದು, ತರುವಾಯ ಹೆಗ್ಗಡದೇವನಕೋಟೆಯ ಕಾಡಂಚಿಗೆ ಇಳಿದು, ಕೊನೆಗೆ ಈ ಹೋಬಳಿಗೇ ಮರಳುವ ಯೋಚನೆಯಿದೆ.

ಸ್ಟುಡಿಯೋಗಳಿಗೆ ಹೋಗುವ ಮುನ್ನ ಈ ಕಲೆಯ ಹುಟ್ಟನ್ನು ಒಮ್ಮೆ ನೆನೆಯೋಣ. ಫ್ರಾನ್ಸಿನ ದಾಗೇರ್ ತನ್ನ ಛಾಯಾಗ್ರಹಣದ ವಿಧಾನವನ್ನು ಲೋಕಕ್ಕೆ ಸಾರಿದ್ದು 1839ರಲ್ಲಿ. ಅದರ ಹಿಂದಿನ ವರ್ಷ ಆತ ಪ್ಯಾರಿಸ್ಸಿನ ಒಂದು ರಾಜಬೀದಿಯನ್ನು ಮೇಲಿನ ಕಿಟಕಿಯೊಂದರಿಂದ ಚಿತ್ರಿಸಿದ್ದನು. ಗಾಡಿಗಳಿಂದಲೂ ಜನರಿಂದಲೂ ಗಿಜಿಗುಟ್ಟುತ್ತಿದ್ದ ಬೀದಿ ಅದು. ಚಿತ್ರದಲ್ಲಿ ಮಾತ್ರ ಬರಿದಾಗಿ ಕಾಣುತ್ತದೆ. ತಟ್ಟೆಯ ಮೇಲೆ ಬೆಳಕು ಬೀಳಬೇಕಾಗಿದ್ದ ಕಾಲ ಹಲವು ನಿಮಿಷಗಳಾದುದರಿಂದ ನಡೆದುಹೋದವರೆಲ್ಲ ಗುರುತಿಲ್ಲದಂತೆ ಅಳಿಸಿಹೋದರು. ಮೂಲೆಯಲ್ಲಿ ನಿಂತು ಬೂಟಿಗೆ ಮೆರುಗು ಹಾಕಿಸಿಕೊಳ್ಳುತ್ತಿದ್ದ ಒಬ್ಬಾತನು ಮಾತ್ರ, ಕಾಲನ್ನು ಅಲುಗಿಸದೆ ನಿಂತಿದ್ದ ಕಾರಣದಿಂದ, ಉಳಿದುಕೊಂಡನು. ಛಾಯಾಚಿತ್ರದಲ್ಲಿ ಸ್ಪಷ್ಟವಾಗಿ ಕಾಣಿಸಿಕೊಂಡ ಮೊದಮೊದಲ ಮನುಷ್ಯರಲ್ಲಿ ಅವನೊಬ್ಬ. ತಾನು ಚಿತ್ರವಾಗುತ್ತಿದ್ದೇನೆಂಬುದು ಅವನಿಗೆ ತಿಳಿದಿರಲಾರದು. ಆದರೂ ಅವನನ್ನು ಉಳಿಸಿದ್ದು ಅವನ ನಿಶ್ಚಲತೆಯೇ. ಈ ಕಲೆಯಲ್ಲಿ ಅರಿವಿಲ್ಲದ ಗಳಿಗೆಯೂ ಅಲುಗದ ನಿಲುವೂ ಹುಟ್ಟಿನಿಂದಲೇ ಕೂಡಿಕೊಂಡು ಬಂದವು ಎನ್ನುವುದನ್ನು ತಾವು ನೆನಪಿನಲ್ಲಿಡಬೇಕೆಂದು ಕೋರುತ್ತೇನೆ.

ಅನಂತರ ಒಣ ತಟ್ಟೆಗಳು ಬಂದವು, 1888ರಲ್ಲಿ ಕೊಡ್ಯಾಕ್ ಕ್ಯಾಮರಾ ಬಂದಿತು, 1925ರಲ್ಲಿ ಕಿಸೆಯಲ್ಲಿ ಹಿಡಿಯುವ ಲೈಕಾ ಬಂದಿತು. ನಮ್ಮ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಇಂಥ ಊರುಗಳಲ್ಲಿ ಸ್ಟುಡಿಯೋಗಳು ನೆಲೆಗೊಳ್ಳುವ ಹೊತ್ತಿಗೆ ಚಿತ್ರ ತೆಗೆಯಲು ನಿಮಿಷಗಟ್ಟಲೆ ಕಾಯಬೇಕಾದ ಕಷ್ಟ ಎಂದೋ ತೀರಿತ್ತು. ಹಾಗಿದ್ದೂ ನಮ್ಮ ಹಿರಿಯರು ಚಿತ್ರಗಳಲ್ಲಿ ನಗಲಿಲ್ಲ. ಯಂತ್ರದ ನಿಧಾನವೇ ಇದಕ್ಕೆ ಕಾರಣವೆಂದು ಪುಸ್ತಕಗಳಲ್ಲಿ ಬರೆದಿರುವುದು ದಾಗೇರನ ಕಾಲಕ್ಕೆ ಒಪ್ಪಬಹುದಾದರೂ ನಮ್ಮವರಿಗೆ ಒಪ್ಪುವುದಿಲ್ಲ.

ಈ ಹೋಬಳಿಯದೇ ಒಂದು ಮನೆಯ ನಡುಮನೆಯಲ್ಲಿ ನಾನು ನೋಡಿದ ಒಂದು ಚಿತ್ರವನ್ನು ತಮ್ಮೆದುರಿಗೆ ಬಿಡಿಸಿಡಲು ಯತ್ನಿಸುತ್ತೇನೆ. ಗಂಡ ಕುರ್ಚಿಯಲ್ಲಿ ಕುಳಿತಿದ್ದಾನೆ. ತಲೆಗೆ ಪೇಟ, ಮೈಗೆ ಗುಂಡಿಗಳನ್ನೆಲ್ಲ ಹಾಕಿದ ಕರಿಯ ಕೋಟು, ಕಾಲು ಬರಿಗಾಲು. ಕೋಟಿನ ತೋಳು ಮಣಿಕಟ್ಟನ್ನು ದಾಟಿ ಬೆರಳ ಬುಡಕ್ಕೆ ಬಂದಿರುವುದನ್ನು ನೋಡಿದರೆ ಅದು ಸ್ಟುಡಿಯೋದ ಮೊಳೆಗೆ ತೂಗುಹಾಕಿರುತ್ತಿದ್ದ, ಬಂದವರೆಲ್ಲ ತೊಟ್ಟು ಬಿಡುತ್ತಿದ್ದ ಕೋಟೆಂದು ತಿಳಿಯುತ್ತದೆ. ಹಿಂದಿನ ಪರದೆಯಲ್ಲಿ ವಿಲಾಯತಿಯ ಕೈಪಿಡಿಗೋಡೆ, ಎಲ್ಲಿಗೂ ಹೋಗದ ಮೆಟ್ಟಿಲು, ಕೊಳದಲ್ಲಿ ಎರಡು ಹಂಸ. ಪರದೆ ಗಾಳಿಗೆ ಹಾರದಿರಲೆಂದು ಕೆಳತುದಿಗೆ ಹೇರಿದ ಒಂದು ಇಟ್ಟಿಗೆ ಚಿತ್ರದ ಅಂಚಿನೊಳಕ್ಕೆ ಬಂದುಬಿಟ್ಟಿದೆ. ತೊಡೆಯ ಮೇಲಿನ ಮಗು ಅಲುಗಿದ್ದರಿಂದ ಅದರ ಮುಖ ಮಸುಕಾಗಿ, ಕಣ್ಣಿದ್ದ ಜಾಗದಲ್ಲಿ ಎರಡು ನೆರಳುಗಳು ಮಾತ್ರ ಉಳಿದಿವೆ. ಹೆಂಡತಿ ಪಕ್ಕದಲ್ಲಿ ನಿಂತಿದ್ದಾಳೆ. ಮುಖದಲ್ಲಿ ಯಾವ ವಿಕಾರವೂ ಇಲ್ಲ. ನೋಟ ನೇರವಾಗಿ ನಮ್ಮ ಮೇಲೆಯೇ ಇದೆ. ಆದರೆ ಕುರ್ಚಿಯ ಬೆನ್ನಿನ ಮೇಲಿಟ್ಟ ಅವಳ ಕೈಯನ್ನು ಹತ್ತಿರದಿಂದ ನೋಡಿದವರಿಗೆ, ಹೆಬ್ಬೆರಳು ಮರವನ್ನು ಎಷ್ಟು ಬಿಗಿಯಾಗಿ ಅದುಮಿದೆಯೆಂದರೆ ಉಗುರಿನ ಬುಡ ಬಿಳುಪೇರಿದ್ದುದು ಆ ಕಪ್ಪುಬಿಳುಪಿನಲ್ಲಿಯೂ ಕಾಣುತ್ತದೆ.

ಇದನ್ನು ನಟನೆಯೆಂದು ಕರೆಯಲು ನನಗೆ ಮನಸ್ಸು ಬಾರದು. ಬಿತ್ತನೆ, ಕಳೆ, ಕೊಯ್ಲುಗಳ ನಡುವೆ ಒಂದು ದಿನವನ್ನು ಬಿಡುವು ಮಾಡಿಕೊಂಡು, ಎತ್ತಿನ ಗಾಡಿಯಲ್ಲಿ ಪೇಟೆಗೆ ಬಂದು, ಹಲವು ದಿನಗಳ ಕೂಲಿಯ ಹಣವನ್ನು ತೆತ್ತು, ಗುರುತಿಲ್ಲದ ಕತ್ತಲೆಯ ಕೋಣೆಯಲ್ಲಿ ಕರಿಬಟ್ಟೆಯೊಳಗೆ ತಲೆಮರೆಸಿಕೊಂಡ ಒಬ್ಬ ಅಪರಿಚಿತನೆದುರು ನಿಂತವರಿಗೆ, ತಾವು ಈಗ ನಿಂತ ಹಾಗೆಯೇ ಮೊಮ್ಮಕ್ಕಳ ಕಾಲಕ್ಕೂ ನಿಂತಿರುತ್ತೇವೆಂಬ ಅರಿವಿತ್ತು. ಫೋಟೋ ಹಿಡಿಸಿಕೊಂಡರೆ ಆಯುಸ್ಸು ಕುಂದೀತೆಂಬ ಅಳುಕೂ ಕೆಲವರಲ್ಲಿದ್ದಿತು. ಆ ಅರಿವಿನಿಂದ, ಆ ಅಳುಕಿನಿಂದ ಹುಟ್ಟಿದ ಗಾಂಭೀರ್ಯವೇ ಅಂದಿನ ನಿಜವಾದ ಭಾವ. ಮದುವೆಯ ಧಾರೆಯ ಹೊತ್ತಿನಲ್ಲಿ ಯಾರೂ ಹಲ್ಲುಕಿರಿಯುವುದಿಲ್ಲವಾದರೆ, ಫೋಟೋ ಹಿಡಿಸಿಕೊಳ್ಳುವುದನ್ನೂ ಒಂದು ಸಂಸ್ಕಾರದಂತೆ ಕಂಡವರು ಏಕೆ ನಗಬೇಕಾಗಿದ್ದಿತು? ಕ್ಯಾಮರಾ ಕಂಡೊಡನೆ ನಗುವ ಅಭ್ಯಾಸ ಅಗ್ಗದ ಪೆಟ್ಟಿಗೆ ಕ್ಯಾಮರಾಗಳೂ ಅವುಗಳ ಜಾಹೀರಾತುಗಳೂ ನಮಗೆ ಆಮೇಲೆ ಕಲಿಸಿದುದು. ಅದರಲ್ಲಿ ಸಹಜವಾದದ್ದು ಇಲ್ಲವೆಂದಲ್ಲ, ಆದರೆ ಅದೊಂದೇ ಸಹಜವಲ್ಲ.

ಸ್ಟುಡಿಯೋದವನ ಪಾಲೂ ಇದರಲ್ಲಿದೆ. ನೆಗೆಟಿವನ್ನು ಓರೆಯಾದ ಗಾಜಿನ ಮೇಲಿಟ್ಟು, ಹಿಂದಿನಿಂದ ಬರುವ ಬೆಳಕಿನಲ್ಲಿ, ಸೂಜಿಯಂತೆ ಹೆರೆದ ಸೀಸದಕಡ್ಡಿಯಿಂದ ಮುಖದ ಸಿಡುಬಿನ ಕಲೆಗಳನ್ನು ಒಂದೊಂದಾಗಿ ಆತನು ತುಂಬುತ್ತಿದ್ದನು. ಸುಳ್ಳೆಂದರೆ ಸುಳ್ಳೇ. ಆದರೆ ಸಿಡುಬು ಕೊಟ್ಟ ಮುಖವನ್ನಲ್ಲ, ಅದಕ್ಕೆ ಮುಂಚೆ ತನ್ನದಾಗಿದ್ದ ಮುಖವನ್ನು ಮಕ್ಕಳಿಗೆ ಬಿಟ್ಟುಹೋಗಬೇಕೆಂಬ ಆಸೆ ಸುಳ್ಳಾಗಿರಲಿಲ್ಲ.

ಇದೇ ಸಂದರ್ಭದಲ್ಲಿ ಇನ್ನೊಂದು ಬಗೆಯ ಚಿತ್ರವನ್ನು ಹೇಳದೆ ಮುಂದಕ್ಕೆ ಹೋಗಲಾಗದು. ಬದುಕಿದ್ದಾಗ ಒಂದು ಪಟವನ್ನೂ ತೆಗೆಯಿಸದವರು ತೀರಿಕೊಂಡಾಗ, ಶವವನ್ನು ಕುರ್ಚಿಯಲ್ಲಿ ಕೂರಿಸಿ, ಹಣೆಗೆ ವಿಭೂತಿಯನ್ನೋ ಕುಂಕುಮವನ್ನೋ ಇಟ್ಟು, ಹಾರ ಹಾಕಿ, ಮಕ್ಕಳು ಮೊಮ್ಮಕ್ಕಳು ಸುತ್ತ ನಿಂತು ತೆಗೆಯಿಸಿದ ಚಿತ್ರಗಳು ನಮ್ಮ ಕಡೆಯ ಅನೇಕ ಮನೆಗಳಲ್ಲಿವೆ. ಇಂದಿನ ಹುಡುಗರು ಅವನ್ನು ಕಂಡು ಬೆಚ್ಚುತ್ತಾರೆ. ಅತ್ತು ಅತ್ತು ಕಣ್ಣು ಬಾತವರು ಆ ಒಂದು ಗಳಿಗೆಯ ಮಟ್ಟಿಗೆ ಸೆರಗನ್ನು ಸರಿಮಾಡಿಕೊಂಡು, ಮಗುವನ್ನು ಸುಮ್ಮನಾಗಿಸಿ, ನೆಟ್ಟಗೆ ನಿಂತಿರುವುದನ್ನು ನೋಡಿ. ಕ್ಯಾಮರಾದವನು ಕಿಟಕಿಯಿಂದ ಹಣಿಕಿ ಅವರ ರೋದನವನ್ನೇ ಸೆರೆಹಿಡಿದಿದ್ದರೆ ನಮಗೆ ಹೆಚ್ಚು ದುಃಖ ಕಾಣುತ್ತಿದ್ದಿತೇನೋ. ಆದರೆ ಅವರು ತಮ್ಮ ಹಿರಿಯನಿಗೆ ಸಲ್ಲಿಸಿದ ಗೌರವ ಕಾಣುತ್ತಿರಲಿಲ್ಲ. ಎರಡರಲ್ಲಿ ಯಾವುದು ಹೆಚ್ಚು ನಿಜವೆಂದು ತೀರ್ಮಾನಿಸುವ ಅಧಿಕಾರ ನೋಡುವವನಿಗಿಲ್ಲವೆಂದೇ ನನ್ನ ಭಾವನೆ.

ಜಾತ್ರೆಗಳಲ್ಲಿ ಗುಡಾರ ಹಾಕಿ, ಕಾಗದದ ವಿಮಾನದಲ್ಲಿಯೂ ರಟ್ಟಿನ ಮೋಟಾರಿನಲ್ಲಿಯೂ ಕೂರಿಸಿ ಫೋಟೋ ಹಿಡಿಯುತ್ತಿದ್ದವರ ಕಥೆ ಬೇರೆಯೇ ಒಂದು ಉಪನ್ಯಾಸವಾದೀತು. ಮದುವೆಯಾದ ಹೊಸತರಲ್ಲಿ ಆ ವಿಮಾನವನ್ನೇರಿದ ದಂಪತಿಗಳು ನಕ್ಕಿರುವುದನ್ನು ಮಾತ್ರ ನಾನು ಕಂಡಿದ್ದೇನೆ. ಅದು ಸಂಸ್ಕಾರವಲ್ಲ, ಆಟವೆಂದು ಅವರಿಗೆ ಗೊತ್ತಿದ್ದಿತು.

ಇಷ್ಟು ಹೊತ್ತು ನಿಲ್ಲಿಸಿದ ಮುಖಗಳ ಮಾತಾಯಿತು. ಇನ್ನು, ನಿಲ್ಲು ಎಂದರೆ ನಿಲ್ಲದ ಗಳಿಗೆಗಳ ಕಡೆಗೆ ಬರೋಣ. ಅಲ್ಲಿ ನಮಗೆ ದಾರಿ ತೋರಿಸಲು ನಮ್ಮ ಜಿಲ್ಲೆಯಲ್ಲಿಯೇ ಹುಟ್ಟಿದ ಒಬ್ಬ ಮಹನೀಯರಿದ್ದಾರೆ.

ತಂಬ್ರಹಳ್ಳಿ ಸುಬ್ರಹ್ಮಣ್ಯ ಸತ್ಯನಾರಾಯಣ, ಲೋಕಕ್ಕೆ ಟಿ. ಎಸ್. ಸತ್ಯನ್, 1923ರ ಡಿಸೆಂಬರ್ 18ರಂದು ಮೈಸೂರಿನಲ್ಲಿ ಜನಿಸಿ, ಮಹಾರಾಜ ಕಾಲೇಜಿನಲ್ಲಿ ಓದಿ, 1948ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಡೆಕ್ಕನ್ ಹೆರಾಲ್ಡ್ ಪತ್ರಿಕೆಯ ಆರಂಭದ ದಿನಗಳಲ್ಲಿಯೇ ಅಲ್ಲಿ ಛಾಯಾಗ್ರಾಹಕರಾಗಿ ಸೇರಿ, ಬಳಿಕ ಮುಂಬಯಿಯ ಇಲ್ಲಸ್ಟ್ರೇಟೆಡ್ ವೀಕ್ಲಿಗೂ ಅಮೆರಿಕದ ಲೈಫ್ ಪತ್ರಿಕೆಗೂ, ಯುನಿಸೆಫ್ ಮತ್ತು ವಿಶ್ವ ಆರೋಗ್ಯ ಸಂಸ್ಥೆಗಳಿಗೂ ಚಿತ್ರಗಳನ್ನು ತೆಗೆದುಕೊಟ್ಟು, 1977ರಲ್ಲಿ ಪದ್ಮಶ್ರೀ ಪಡೆದು, ಕೊನೆಗೆ ಮೈಸೂರಿಗೇ ಹಿಂದಿರುಗಿ 2009ರ ಡಿಸೆಂಬರಿನಲ್ಲಿ ಅಲ್ಲಿಯೇ ಕಣ್ಣುಮುಚ್ಚಿದರು. 1979ನೆಯ ಇಸವಿಯನ್ನು ಅಂತಾರಾಷ್ಟ್ರೀಯ ಮಕ್ಕಳ ವರ್ಷವೆಂದು ಆಚರಿಸಿದಾಗ ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕಟ್ಟಡದಲ್ಲಿ ಅವರು ತೆಗೆದ ಭಾರತದ ಮಕ್ಕಳ ಚಿತ್ರಗಳ ಪ್ರದರ್ಶನ ನಡೆಯಿತು. ಎಚ್. ವೈ. ಶಾರದಾಪ್ರಸಾದರ ಬರಹದೊಡನೆ 1981ರಲ್ಲಿ ಹೊರಬಂದ ಕರ್ನಾಟಕದ ಚಿತ್ರಗ್ರಂಥವೂ, ‘ಕಾಲಕ್ಕೆ ಕನ್ನಡಿ’ಯೆಂಬ ಕನ್ನಡದ ಪುಸ್ತಕವೂ ಅವರ ಹೆಸರಿನಲ್ಲಿವೆ.

ಸತ್ಯನ್ನರ ವೈಶಿಷ್ಟ್ಯವೆಂದು ನಾನು ಭಾವಿಸುವುದು ಇದು: ದೊಡ್ಡ ಪತ್ರಿಕೆಗಳಿಗೆ ದುಡಿದರೂ ಅವರ ಕಣ್ಣು ಹೆಚ್ಚಾಗಿ ಹೋದುದು ದೊಡ್ಡ ಸುದ್ದಿಯಿಲ್ಲದ ಕಡೆಗೆ. ಬೀದಿಯಲ್ಲಿ ಆಡುವ ಮಕ್ಕಳು, ಆಸ್ಪತ್ರೆಯ ಜಗುಲಿಯಲ್ಲಿ ಸರದಿ ಕಾಯುವ ತಾಯಂದಿರು, ಶಾಲೆಯ ಹಲಗೆಯ ಮುಂದೆ ಕುಳಿತ ಹುಡುಗರು, ದುಡಿಮೆಯ ನಡುವೆ ಒಂದಿಷ್ಟು ದಣಿವಾರಿಸಿಕೊಳ್ಳುವವರು. ಬಹುಮಟ್ಟಿಗೆ ಕಪ್ಪುಬಿಳುಪು, ಇದ್ದ ಬೆಳಕು. ಫ್ಲಾಷ್ ಬಲ್ಬು ಒಂದು ಸಲ ಹೊತ್ತಿದರೆ ಕೋಣೆಯಲ್ಲಿದ್ದ ಮಕ್ಕಳೆಲ್ಲ ಆಟ ಬಿಟ್ಟು ಯಂತ್ರದತ್ತ ತಿರುಗುತ್ತಾರೆ. ಕಿಟಕಿಯ ಬೆಳಕಿನಲ್ಲಿ ಕಾಯುತ್ತ ಕುಳಿತವನನ್ನು ಸ್ವಲ್ಪ ಹೊತ್ತಿನ ಮೇಲೆ ಅವು ಮರೆತುಬಿಡುತ್ತವೆ. ಆ ಕಾಲದ 120 ಸಂಖ್ಯೆಯ ಒಂದು ಫಿಲ್ಮ್ ಸುರುಳಿಯಲ್ಲಿ ಚೌಕಾಕಾರದ ಹನ್ನೆರಡು ಚಿತ್ರಗಳಷ್ಟೇ ಮೂಡುತ್ತಿದ್ದವು, ಚಿಕ್ಕ ಫಿಲ್ಮಿನಲ್ಲಾದರೆ ಮೂವತ್ತಾರು. ಮಿತವ್ಯಯವೇ ಛಾಯಾಗ್ರಾಹಕನಿಗೆ ತಾಳ್ಮೆಯನ್ನು ಕಲಿಸುತ್ತಿದ್ದಿತು. ಕೊಕ್ಕರೆ ನೀರಿನಲ್ಲಿ ಒಂಟಿಕಾಲಿನಲ್ಲಿ ನಿಂತಂತೆ ನಿಂತು, ಬಂದ ಮೀನಿಗೆಲ್ಲ ಕೊಕ್ಕು ಹಾಕದೆ ಬಿಡುವುದೂ ಆ ವಿದ್ಯೆಯ ಭಾಗವೇ ಆಗಿದ್ದಿತು.

ಇದೇ ಕಾಲದಲ್ಲಿ ಫ್ರಾನ್ಸಿನ ಛಾಯಾಗ್ರಾಹಕ ಕಾರ್ತಿಯೇ-ಬ್ರೆಸ್ಸೋನ್ 1952ರಲ್ಲಿ ಪ್ರಕಟಿಸಿದ ತನ್ನ ಪುಸ್ತಕದಲ್ಲಿ, ಎದುರಿನ ಘಟನೆಯ ಅರ್ಥವೂ ಅದರ ಆಕಾರವೂ ಒಂದಾಗಿ ಕೂಡಿಬರುವ ನಿರ್ಣಾಯಕವಾದ ಒಂದು ಗಳಿಗೆಯುಂಟೆಂಬ ತತ್ತ್ವವನ್ನು ಪ್ರತಿಪಾದಿಸಿದನು. ಈತನು 1948ರ ಜನವರಿ 30ರಂದು ಗಾಂಧೀಜಿಯವರನ್ನು ದಿಲ್ಲಿಯಲ್ಲಿ ಭೇಟಿಮಾಡಿ ಬಂದ ಸ್ವಲ್ಪವೇ ಹೊತ್ತಿಗೆ ಅವರ ಹತ್ಯೆಯಾಯಿತು. ಅಂತ್ಯಯಾತ್ರೆಯ ಆತನ ಚಿತ್ರಗಳು ಜಗತ್ತಿನಲ್ಲೆಲ್ಲ ಹರಡಿದವು. ಆದರೆ ಈ ತತ್ತ್ವವನ್ನು ನಮ್ಮವರು ಬಾಯಿಪಾಠ ಮಾಡಿಕೊಂಡು, ಗಳಿಗೆಯನ್ನು ಬೇಟೆಯ ಮೃಗವೆಂಬಂತೆ ಮಾತನಾಡುವುದು ನನಗೆ ಅಷ್ಟಾಗಿ ರುಚಿಸುವುದಿಲ್ಲ. ಸತ್ಯನ್ನರ ಮಕ್ಕಳು ಕದ್ದು ತೆಗೆದ ಮಕ್ಕಳಲ್ಲ. ಅವರ ಚಿತ್ರಗಳಲ್ಲಿ ಹಲವು ಮುಖಗಳು ನಮ್ಮನ್ನು ನೇರವಾಗಿ ನೋಡುತ್ತವೆ. ಎದುರಿಗೊಬ್ಬ ಕ್ಯಾಮರಾ ಹಿಡಿದು ನಿಂತಿದ್ದಾನೆಂಬುದನ್ನು ಬಲ್ಲವು, ಬಲ್ಲವಾದರೂ ಸಂಕೋಚಪಡುವುದಿಲ್ಲ. ಹಾಗಾದ ಮೇಲೆ ಸ್ಟುಡಿಯೋದಲ್ಲಿ ಕುರ್ಚಿಯನ್ನು ಅದುಮಿ ನಿಂತ ಆ ಗೃಹಿಣಿಗೂ ಸತ್ಯನ್ನರ ಎದುರಿನ ಹುಡುಗನಿಗೂ ಇರುವ ಅಂತರ ನಾವು ಎಣಿಸಿದಷ್ಟಿಲ್ಲ. ಇಬ್ಬರೂ ತಮ್ಮ ಮುಖವನ್ನು ತಾವಾಗಿ ಕೊಟ್ಟವರು. ಒಬ್ಬಳು ಗಾಂಭೀರ್ಯದಿಂದ ಕೊಟ್ಟಳು, ಇನ್ನೊಬ್ಬ ಆಟದ ನಡುವೆ ಕೊಟ್ಟ. ನಿಜವಾದ ಭಾವ ಮೂಡುವುದು ಈ ಕೊಡುವಿಕೆಯಲ್ಲಿ ಎಂಬುದೇ ಇಂದು ನಾನು ಹೇಳಬೇಕೆಂದು ಬಂದಿರುವ ಮಾತು. ಅದು ಸಾಧುವೋ ಅಲ್ಲವೋ ಎಂಬುದನ್ನು ಪರೀಕ್ಷಿಸಲು, ಮುಖವನ್ನು ಕೊಡದೆ ಇದ್ದವರಿಂದಲೂ ಚಿತ್ರವನ್ನು ಕಿತ್ತುಕೊಂಡ ಒಂದು ಪ್ರಸಂಗವನ್ನು ನೋಡಬೇಕು. ಅದಕ್ಕಾಗಿ ನಾವು ಹೆಗ್ಗಡದೇವನಕೋಟೆಯ ಕಾಡಿಗೆ ಹೋಗಬೇಕಾಗಿದೆ.

ಹೆಗ್ಗಡದೇವನಕೋಟೆ ತಾಲ್ಲೂಕಿನ ಕಾಕನಕೋಟೆಯ ಖೆಡ್ಡಾ ಯಾರಿಗೆ ತಿಳಿಯದು? ಕಾಡಾನೆಗಳ ಹಿಂಡನ್ನು ಕಪಿಲೆಯ, ಎಂದರೆ ಕಬಿನಿಯ, ನೀರಿಗೆ ಇಳಿಸಿ, ದಡದ ಖೆಡ್ಡಾದೊಳಕ್ಕೆ ನುಗ್ಗಿಸುವ ಆ ದೃಶ್ಯವನ್ನು ನೋಡಲು ವೈಸರಾಯರೂ ರಾಜಕುಮಾರರೂ ಬರುತ್ತಿದ್ದರು. 1971ರಲ್ಲಿ ಕೊನೆಯ ಖೆಡ್ಡಾ ನಡೆದು, 1974ರ ಹೊತ್ತಿಗೆ ಕಬಿನಿಯ ಅಣೆಕಟ್ಟು ಮುಗಿದು, ಖೆಡ್ಡಾ ನಡೆಯುತ್ತಿದ್ದ ಆ ಭೂಮಿಯೇ ಜಲಾಶಯದ ಪಾಲಾಯಿತು. ಆ ಖೆಡ್ಡಾಗಳ ಫೋಟೋಗಳು ಇಂದಿಗೂ ಸಿಗುತ್ತವೆ. ಅತಿಥಿಗಳ ಸಾಲಿನ ಕೆಳಗೆ ಎಡದಿಂದ ಬಲಕ್ಕೆ ಒಬ್ಬೊಬ್ಬರ ಹೆಸರು ಬಿರುದು ಅಚ್ಚಾಗಿರುತ್ತದೆ. ಆನೆಯ ಕೊರಳಿಗೆ ಹಗ್ಗ ಹಾಕುತ್ತ, ಪ್ರಾಣವನ್ನು ಕೈಯಲ್ಲಿ ಹಿಡಿದುಕೊಂಡು ನಿಂತ ಜೇನುಕುರುಬರ, ಬೆಟ್ಟಕುರುಬರ, ಮಾವುತರ ಹೆಸರು ಇರುವುದಿಲ್ಲ. ಮೈಸೂರು ವಿಶ್ವವಿದ್ಯಾನಿಲಯವು 1928ರಿಂದ 1935ರವರೆಗೆ ಪ್ರಕಟಿಸಿದ, ನಂಜುಂಡಯ್ಯನವರೂ ಅನಂತಕೃಷ್ಣ ಅಯ್ಯರ್ ಅವರೂ ಸಿದ್ಧಪಡಿಸಿದ, ಮೈಸೂರಿನ ಬುಡಕಟ್ಟು ಮತ್ತು ಜಾತಿಗಳ ಬೃಹತ್ ಸಂಪುಟಗಳು ವಿದ್ವತ್ತಿನಲ್ಲಿ ಇಂದಿಗೂ ಆಧಾರಗ್ರಂಥಗಳೇ. ಆದರೆ ಅಂಥ ಗ್ರಂಥಗಳ ಚಿತ್ರಪಟಗಳಲ್ಲಿ ಜನರನ್ನು ಅವರವರ ಪಂಗಡದ ಮಾದರಿಗಳೆಂದು ನಿಲ್ಲಿಸುವುದು ಆ ಶಾಸ್ತ್ರದ ಅಂದಿನ ಪದ್ಧತಿಯಾಗಿದ್ದಿತು. ಅವರೂ ಸ್ಟುಡಿಯೋದವರಂತೆಯೇ ನೆಟ್ಟಗೆ ನಿಂತಿದ್ದಾರೆ, ಅವರೂ ನಗುವುದಿಲ್ಲ. ಆದರೆ ಅವರು ಯಾರಿಗಾಗಿ ನಿಂತರು? ಮೊಮ್ಮಕ್ಕಳಿಗಾಗಿ ಅಲ್ಲ. ಆ ಚಿತ್ರ ಅವರ ಕೈಗೆ ಎಂದೂ ಬರಲಾರದು. ಮೇಲ್ನೋಟಕ್ಕೆ ಒಂದೇ ಬಗೆಯಾಗಿ ಕಾಣುವ ಈ ಎರಡು ಜಡನಿಲುವುಗಳ ನಡುವೆ ಇರುವ ಅಂತರ, ನಿಲ್ಲಿಸಿದ ಚಿತ್ರಕ್ಕೂ ನಿಲ್ಲಿಸದ ಚಿತ್ರಕ್ಕೂ ಇರುವ ಅಂತರಕ್ಕಿಂತ ಎಷ್ಟೋ ದೊಡ್ಡದು.

ಕೋಟೆಯ ಕಾಡಿನದೇ ಇನ್ನೊಂದು ಕಥೆ ಇದಕ್ಕೆ ತಿರುವುಮುರುವಾದುದು. ಕಪಿಲೆಯ ದಡದ ಕಾರಾಪುರದಲ್ಲಿ 1924ರಲ್ಲಿ ಹುಟ್ಟಿ, ಮಾವುತನಾದ ತಂದೆಯನ್ನು ಎಳವೆಯಲ್ಲಿಯೇ ಕಳೆದುಕೊಂಡು, ಮೈಸೂರಿನ ಅರಮನೆಯ ಆನೆಲಾಯದ ಆಶ್ರಯದಲ್ಲಿದ್ದ ಸಾಬು ಎಂಬ ಹುಡುಗನನ್ನು 1935ರಲ್ಲಿ ರಾಬರ್ಟ್ ಫ್ಲಹರ್ಟಿಯೆಂಬ ಪ್ರಸಿದ್ಧ ಸಾಕ್ಷ್ಯಚಿತ್ರಕಾರನ ತಂಡ ಕಂಡಿತು. ಕಿಪ್ಲಿಂಗನ ಕಥೆಯೊಂದನ್ನು ಆಧರಿಸಿದ ‘ಎಲಿಫೆಂಟ್ ಬಾಯ್’ ಚಿತ್ರಕ್ಕೆ ಅವರಿಗೆ ಬೇಕಾಗಿದ್ದವನು ನಟನೆ ಕಲಿತ ಬಾಲಕನಲ್ಲ, ಆನೆಯೊಡನೆ ನಿಜವಾಗಿ ಬದುಕಿದವನು. 1937ರಲ್ಲಿ ಚಿತ್ರ ತೆರೆಗೆ ಬಂದಿತು. ಆನೆಯ ಸೊಂಡಿಲ ಮೇಲೆ ಕಾಲಿಟ್ಟು ಏರುವಾಗ ಆ ಹುಡುಗನ ಮುಖದಲ್ಲಿ ಕಾಣುವ ನಿಶ್ಚಿಂತೆಯನ್ನು ಯಾವ ನಿರ್ದೇಶಕನೂ ಹೇಳಿಕೊಟ್ಟು ಬರಿಸಲಾರ. ವಿನೋದವೆಂದರೆ, ನಿಜವಾದ ಬಾಳನ್ನು ಹಿಡಿಯುವವನೆಂದು ಹೆಸರಾದ ಇದೇ ಫ್ಲಹರ್ಟಿ, 1922ರ ತನ್ನ ‘ನಾನೂಕ್’ ಚಿತ್ರದಲ್ಲಿ ಬಂದೂಕು ಬಳಸುತ್ತಿದ್ದ ಇನ್ಯೂಟ್ ಜನರಿಂದ ಹಳೆಯ ಈಟಿಯ ಬೇಟೆಯನ್ನು ಆಡಿಸಿ, ಒಳಗೆ ಬೆಳಕು ಬೀಳಲೆಂದು ಅರ್ಧ ಮಂಜುಮನೆಯನ್ನು ಮಾತ್ರ ಕಟ್ಟಿಸಿದ್ದವನು. ‘ಎಲಿಫೆಂಟ್ ಬಾಯ್’ ಚಿತ್ರದ ಉಳಿದ ಭಾಗಗಳನ್ನೂ ಜೋಲ್ಟಾನ್ ಕೊರ್ಡಾ ಇಂಗ್ಲೆಂಡಿನ ಸ್ಟುಡಿಯೋದಲ್ಲಿ ತೆಗೆದು ಜೋಡಿಸಿದನು. ಅಷ್ಟೆಲ್ಲ ಕೃತಕತೆಯ ನಡುವೆಯೂ ಆ ಹುಡುಗನೂ ಆ ಆನೆಯೂ ಸುಳ್ಳಾಗಲಿಲ್ಲ. ಸಾಬು ಅನಂತರ ಹಾಲಿವುಡ್ಡಿಗೆ ಹೋಗಿ, ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ವಾಯುಪಡೆಯಲ್ಲಿ ಸೇವೆ ಸಲ್ಲಿಸಿ, 1963ರಲ್ಲಿ, ನಲವತ್ತೂ ತುಂಬದ ವಯಸ್ಸಿನಲ್ಲಿ, ಕ್ಯಾಲಿಫೋರ್ನಿಯದಲ್ಲಿ ತೀರಿಕೊಂಡನು. ಕಾಕನಕೋಟೆಯ ನೂರಾರು ಮಾವುತರಲ್ಲಿ ಹೆಸರಿನೊಡನೆ ಉಳಿದ ಮುಖ ಅವನೊಬ್ಬನದೇ ಎನ್ನಬೇಕು.

ಹೆಸರಿನ ಈ ಪ್ರಶ್ನೆ ನಮ್ಮ ನಾಡಿಗೆ ಮಾತ್ರ ಸಂಬಂಧಿಸಿದುದಲ್ಲ. 1936ರಲ್ಲಿ ಡೊರೊಥಿಯಾ ಲ್ಯಾಂಗ್ ಎಂಬ ಛಾಯಾಗ್ರಾಹಕಿ ಕ್ಯಾಲಿಫೋರ್ನಿಯದ ಬಟಾಣಿ ಹೊಲವೊಂದರ ಬಳಿ, ಇಬ್ಬರು ಮಕ್ಕಳು ಮುಖ ತಿರುಗಿಸಿ ಹೆಗಲಿಗೊರಗಿರಲು, ಗಲ್ಲದ ಮೇಲೆ ಕೈಯಿಟ್ಟು ದೂರ ನೋಡುತ್ತಿದ್ದ ವಲಸೆಯ ತಾಯಿಯೊಬ್ಬಳ ಚಿತ್ರವನ್ನು ತೆಗೆದಳು. ಅಮೆರಿಕದ ಆರ್ಥಿಕ ಕುಸಿತದ ಕಾಲಕ್ಕೆ ಆ ಚಿತ್ರವೇ ಮುಖವಾಯಿತು. ಆದರೆ ಲ್ಯಾಂಗ್ ಆ ತಾಯಿಯ ಹೆಸರನ್ನು ಕೇಳಿರಲಿಲ್ಲ. ಅವಳು ಫ್ಲಾರೆನ್ಸ್ ಓವೆನ್ಸ್ ಥಾಮ್ಸನ್ ಎಂದು ಲೋಕಕ್ಕೆ ತಿಳಿದದ್ದು 1978ರಲ್ಲಿ. ಆ ಚಿತ್ರದಿಂದ ತನಗೆ ಬಂದುದೇನೂ ಇಲ್ಲವೆಂಬ ನೋವು ಅವಳಲ್ಲಿ ಆಗಲೂ ಇದ್ದಿತು. ಚಿತ್ರ ಶ್ರೇಷ್ಠವಾದುದೆಂಬುದರಲ್ಲಿ ನನಗೆ ಸಂದೇಹವಿಲ್ಲ, ಭಾವ ನಿಜವೆಂಬುದರಲ್ಲಿಯೂ ಇಲ್ಲ. ಎರಡು ನಿಮಿಷ ನಿಂತು ಹೆಸರು ಕೇಳಿದ್ದರೆ ಆ ಎರಡು ಗುಣಗಳಿಗೂ ಕುಂದು ಬರುತ್ತಿರಲಿಲ್ಲವೆಂದಷ್ಟೇ ನನ್ನ ವಾದ.

ಇಲ್ಲಿ ಒಂದು ಮಾತನ್ನು ನಡುವೆ ಸೇರಿಸಬೇಕಾಗಿದೆ. ಕನ್ನಡ ನಾಡು ವನ್ಯಜೀವಿ ಛಾಯಾಗ್ರಹಣದಲ್ಲಿ ಅಗ್ರಗಣ್ಯವಾದುದು. ಇ. ಹನುಮಂತರಾವ್, ಟಿ. ಎನ್. ಎ. ಪೆರುಮಾಳ್, ಹುಣಸೂರಿನ ದೇವರಾಜ ಅರಸರ ಮಂತ್ರಿಮಂಡಲದಲ್ಲಿ ಹಣಕಾಸಿನ ಸಚಿವರಾಗಿದ್ದ ಸಂಡೂರಿನ ಎಂ. ವೈ. ಘೋರ್ಪಡೆ, ಹಕ್ಕಿಗಳ ಬೆನ್ನುಹತ್ತಿದ ಪೂರ್ಣಚಂದ್ರ ತೇಜಸ್ವಿ, ಮೈಸೂರಿನ ಕೃಪಾಕರ ಮತ್ತು ಸೇನಾನಿ, ಇವರೆಲ್ಲ ಒಂದು ಕಾಡುನಾಯಿಗೆ, ಒಂದು ಮಿಂಚುಳ್ಳಿಗೆ ತಿಂಗಳುಗಟ್ಟಲೆ ಕಾದವರು. ನಾಗರಹೊಳೆಯ ಹುಲಿಗೆ ಸಂದ ತಾಳ್ಮೆಯಲ್ಲಿ ಕಾಲುಭಾಗವಾದರೂ ಅದೇ ಕಾಡಿನ ಹಾಡಿಗಳ ಮನುಷ್ಯರಿಗೆ ಸಂದಿದೆಯೆ ಎಂದು ಕೇಳಿದರೆ ಉತ್ತರ ಹೇಳಲು ಸಂಕೋಚವಾಗುತ್ತದೆ.

ಈಗ ಕೊನೆಯ ಭಾಗಕ್ಕೆ, ಎಂದರೆ ನಮ್ಮ ಮನೆಯಂಗಳಕ್ಕೆ ಬಂದಿದ್ದೇನೆ. ಇಲ್ಲಿಗೆ ದೂರವಲ್ಲದ ಬೈಲಕುಪ್ಪೆಯಲ್ಲಿ 1960ರ ಸುಮಾರಿಗೆ ನೆಲೆಗೊಂಡ ಟಿಬೆಟನ್ ನಿರಾಶ್ರಿತರ ಶಿಬಿರಗಳಿಗೆ ದಿನವೂ ನೂರಾರು ಕ್ಯಾಮರಾಗಳು ಹೋಗುತ್ತವೆ. ಕಾವಿಯ ಬಾಲಭಿಕ್ಷುಗಳ ನಗುಮುಖ, ಬಂಗಾರದ ಬುದ್ಧ, ಹಾರುವ ಪತಾಕೆ. ಸುಂದರವಾದುದು ಯಾರಿಗೆ ಬೇಡ? ಆದರೆ ಅಲ್ಲಿಂದ ಇಲ್ಲಿಗೆ ಬರುವ ದಾರಿಯಲ್ಲಿ ಎಡಬಲಕ್ಕೆ ಸಿಕ್ಕುವ ಹೊಗೆಸೊಪ್ಪಿನ ಬ್ಯಾರನ್ನುಗಳ ಮುಂದೆ ವಾಹನ ನಿಲ್ಲಿಸಿದ ಛಾಯಾಗ್ರಾಹಕರನ್ನು ನಾನು ಹೆಚ್ಚಾಗಿ ಕಂಡಿಲ್ಲ. ಮಳೆಗಾಲದ ರಾತ್ರಿಗಳಲ್ಲಿ ಹಲವು ದಿನ ಒಲೆಯ ಬೆಂಕಿ ಆರದಂತೆ, ಮಿತಿಮೀರದಂತೆ, ಸರದಿಯ ಮೇಲೆ ನಿದ್ದೆಗೆಟ್ಟು ಸೊಪ್ಪು ಬೇಯಿಸುವ ಮನೆಯವರು. ಬಳಿಕ ಜಗುಲಿಯಲ್ಲಿ ಕುಳಿತು ಎಲೆಯೆಲೆಯನ್ನೂ ಬಣ್ಣ ನೋಡಿ ಬೇರ್ಪಡಿಸುವ ಹೆಂಗಸರ ಅಂಟುಗಟ್ಟಿ ಕಪ್ಪಾದ ಬೆರಳುಗಳು. ಹರಾಜು ಕಟ್ಟೆಯಲ್ಲಿ ತನ್ನ ಸೊಪ್ಪಿನ ಬೇಲ್‌ಗೆ ಬೆಲೆ ಬೀಳುವ ಆ ಒಂದು ಗಳಿಗೆಯಲ್ಲಿ ರೈತನ ಮುಖ. ವರ್ಷದ ಸಾಲ, ಮಗಳ ಮದುವೆ, ಮಗನ ಶಾಲೆ, ಎಲ್ಲವೂ ಆ ಮುಖದ ಮೇಲೆ ಒಮ್ಮೆಲೇ ಬಂದು ಹೋಗುತ್ತವೆ. ಹೊಗೆಸೊಪ್ಪು ಒಳ್ಳೆಯ ಬೆಳೆಯೋ ಕೆಟ್ಟ ಬೆಳೆಯೋ ಎಂಬ ವಾದ ಬೇರೆ. ಆ ಗಳಿಗೆ ಮಾತ್ರ ನಮ್ಮ ಸೀಮೆಯ ಬಾಳಿನ ನಿರ್ಣಾಯಕವಾದ ಗಳಿಗೆಯೆಂಬುದನ್ನು ಅಲ್ಲಗಳೆಯಲಾಗದು. ಅದನ್ನು ತೆಗೆಯತಕ್ಕವನು ಹೊರಗಿನಿಂದ ಬಂದು ಮಧ್ಯಾಹ್ನಕ್ಕೆ ಹಿಂದಿರುಗುವವನಲ್ಲ. ಅದೇ ಕಟ್ಟೆಗೆ ಅಪ್ಪನ ಬೇಲನ್ನು ಹೊತ್ತುಕೊಂಡು ಹೋಗುವ ಹುಡುಗ, ಇಲ್ಲಿಯೇ ಹಿಂದಿನ ಸಾಲಿನಲ್ಲಿ ಕುಳಿತಿರುವವನು. ಕ್ಯಾಮರಾ ಅವನ ಕಿಸೆಯಲ್ಲಿಯೇ ಇದೆ. ಅಪ್ಪನನ್ನು ಒಂದು ಮಾತು ಕೇಳಿಕೊಂಡರಾಯಿತು.

ಮದುವೆಗಳ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. ಮಾಂಗಲ್ಯಧಾರಣೆಯಾದ ಮೇಲೆ, ಬೆಳಕು ಸರಿಬರಲಿಲ್ಲವೆಂದು, ಇನ್ನೊಂದು ಸಲ ಕಟ್ಟುವ ಹಾಗೆ ಕೈ ಹಿಡಿಯಿರಿ ಎಂದು ವರನಿಗೆ ಅಪ್ಪಣೆಯಾಗುವುದನ್ನು ತಾವೆಲ್ಲ ನೋಡಿದ್ದೀರಿ. ಅಕ್ಷತೆ ಹಿಡಿದು ನಿಂತ ಬಂಧುಗಳಿಗೆ ಕಾಣುವುದು ಛಾಯಾಗ್ರಾಹಕರ ಬೆನ್ನು. ಮೊದಲ ಸಲದ ಗಂಟು ದಂಪತಿಗಳದು, ಎರಡನೆಯದು ಆಲ್ಬಮ್ಮಿನದು. ಸ್ಟುಡಿಯೋದ ಗೃಹಿಣಿಯನ್ನು ಸಮರ್ಥಿಸಿದ ನಾನು ಇದನ್ನೇಕೆ ಒಪ್ಪುವುದಿಲ್ಲವೆಂದು ಯಾರಾದರೂ ಕೇಳಬಹುದು. ಆಕೆ ಫೋಟೋಕ್ಕಾಗಿಯೇ ನಿಂತಳು, ಅದೇ ಅವಳ ಆ ದಿನದ ಕಾರ್ಯ. ಇಲ್ಲಿ ಬೇರೊಂದು ಕಾರ್ಯವನ್ನು ನಿಲ್ಲಿಸಿ ಫೋಟೋವನ್ನು ಅದರ ಪೀಠಕ್ಕೆ ಏರಿಸಲಾಗಿದೆ.

ಇನ್ನೊಂದು ಕೆಲಸವನ್ನು ಈ ಸಭೆಯ ಮುಂದಿಡಲು ಅಪ್ಪಣೆ ಬೇಡುತ್ತೇನೆ. ತಾಲ್ಲೂಕಿನ ಹಳೆಯ ಸ್ಟುಡಿಯೋಗಳು ಒಂದೊಂದಾಗಿ ಮುಚ್ಚುತ್ತಿವೆ. ನೆಗೆಟಿವುಗಳು ಗೆದ್ದಲಿಗೂ ಗುಜರಿಗೂ ಹೋಗುತ್ತಿವೆ, ಗಾಜಿನ ತಟ್ಟೆಗಳನ್ನು ತೊಳೆದು ಕಿಟಕಿಗೆ ಬಳಸಿದವರೂ ಉಂಟು. ಮನೆಗಳ ಗೋಡೆಯ ಮೇಲಿರುವ ಚಿತ್ರಗಳಲ್ಲಿ ಇರುವವರಾರೆಂದು ಹೇಳಬಲ್ಲವರು ಬಹುಮಟ್ಟಿಗೆ ಎಂಬತ್ತು ದಾಟಿದ ಅಜ್ಜಿಯರು. ವಿದ್ಯಾರ್ಥಿಗಳು ರಜೆಯ ದಿನಗಳಲ್ಲಿ ಮನೆಮನೆಗೆ ಹೋಗಿ, ಚೌಕಟ್ಟನ್ನು ಜೋಪಾನವಾಗಿ ಬಿಚ್ಚಿ, ಚಿತ್ರದ ಹಿಂಬದಿಯಲ್ಲಿ ಮೃದುವಾದ ಸೀಸದಕಡ್ಡಿಯಿಂದ, ಶಾಯಿಯ ಪೆನ್ನಿನಿಂದ ಖಂಡಿತ ಬೇಡ, ಅದು ಮುಂದಕ್ಕೆ ಇಳಿಯುತ್ತದೆ, ಹೆಸರು, ಊರು, ಗೊತ್ತಿದ್ದರೆ ವರ್ಷ, ಯಾವ ಸಂದರ್ಭ, ಇಷ್ಟನ್ನು ಬರೆಯಬೇಕು. ಪ್ಲಾಸ್ಟಿಕ್ ಹೊದಿಕೆ ಹಾಕಿಸಬಾರದು. ನಮ್ಮ ಮಳೆಗಾಲದ ತೇವ ಒಳಗೇ ಉಳಿದು ಬೂಸಲು ಹಿಡಿಯುತ್ತದೆ. ಗೋಡೆಗೂ ಚೌಕಟ್ಟಿಗೂ ನಡುವೆ ಬೆಂಡಿನ ಎರಡು ತುಂಡುಗಳನ್ನಿಟ್ಟರೆ ಗಾಳಿಯಾಡುತ್ತದೆ. ಪ್ರತಿಯನ್ನು ಮೊಬೈಲಿನಲ್ಲಿ ತೆಗೆದುಕೊಳ್ಳಿ, ಮೂಲವನ್ನು ಆ ಮನೆಯಲ್ಲಿಯೇ ಬಿಡಿ. ಹೆಸರಿನ ಜೊತೆಗೆ ಅಜ್ಜಿ ಮತ್ತೇನಾದರೂ ಹೇಳಿದರೆ, ಹೇಳಿದ ಮಾತಿನಲ್ಲಿಯೇ ಬರೆದುಕೊಳ್ಳಿ, ತಿದ್ದಬೇಡಿ. ಯಾರದೆಂದು ಗೊತ್ತಿಲ್ಲದ ಚಿತ್ರವನ್ನು ಎಸೆಯದೆ ಬೇರೆ ಇಡಿ; ಪಕ್ಕದ ಊರಿನಲ್ಲಿ ಗುರುತು ಹಿಡಿಯುವವರು ಸಿಕ್ಕಾರು.

ಈ ಸಭೆಗೆ ಕೆಲವರು ತಮ್ಮ ಮನೆಯ ಹಳೆಯ ಪಟಗಳನ್ನು ಚೀಲದಲ್ಲಿ ತಂದಿದ್ದೀರೆಂದು ಕಾರ್ಯದರ್ಶಿಗಳು ತಿಳಿಸಿದ್ದಾರೆ. ಅವನ್ನು ಹರಡಿಡಲು ಹೊರಗಿನ ಜಗುಲಿಯಲ್ಲಿ ಮೇಜು ಹಾಕಿದ್ದಾರೆ, ಸೀಸದಕಡ್ಡಿಗಳೂ ಇವೆ.  ಸಂಜೆಯ ಬೆಳಕು ಇನ್ನೂ ಒಂದು ಗಂಟೆ ಇರುವುದರಿಂದ ಆ ಕೆಲಸವನ್ನು ಈಗಲೇ ಆರಂಭಿಸಬಹುದು.